ಅರ್ಧ ಲೀಟರಿನ ಗುಂಡು ಗಿಡ

ಯುಫೋರ್ಬಿಯಾ ಒಬೆಸಾದ ಬೀಜ ಸುಮಾರು 2 ಮಿ.ಮೀ., ಒಂದು ಸಾಸಿವೆ ಕಾಳಿನಷ್ಟು. ಅದು ಮೊಳೆತು 10 ಸೆಂ.ಮೀ. ಅಡ್ಡಳತೆಯ ಗುಂಡಾಗುವ ಹೊತ್ತಿಗೆ ಅಗಲ ಹೆಚ್ಚುವುದು 50 ಪಟ್ಟು. ಗಾತ್ರ? 1,25,000 ಪಟ್ಟು! ಹೊರಮೈ ಮಾತ್ರ 2,500 ಪಟ್ಟಿಗೇ ನಿಲ್ಲುತ್ತದೆ. ಅಂದರೆ ಒಳಗಿನ ಪ್ರತಿ ಹನಿ ನೀರಿನ ಪಾಲಿಗೆ ಬಿಸಿಲಿಗೊಡ್ಡಿದ ಮೈ 50ರಲ್ಲಿ ಒಂದು ಭಾಗಕ್ಕೆ ಇಳಿದಿರುತ್ತದೆ. ಈ ಗಿಡದ ಬದುಕು ನಿಂತಿರುವುದೇ ಈ ಲೆಕ್ಕದ ಮೇಲೆ.

ಇದರ ತವರು ದಕ್ಷಿಣ ಆಫ್ರಿಕಾದ ಗ್ರೇಟ್ ಕರೂ. ಅದರಲ್ಲೂ ಗ್ರಾಫ್-ರೆನೆಟ್ ಪಟ್ಟಣದ ದಕ್ಷಿಣಕ್ಕೆ, ಕೆಂಡ್ರೂ ಸುತ್ತಲಿನ ಕಲ್ಲುನೆಲ. ಅಲ್ಲಿ ವರ್ಷಕ್ಕೆ 250 ಮಿ.ಮೀ. ಮಳೆ ಬಿದ್ದರೂ ಗುಂಡಿನ ನೆತ್ತಿಯ ಮೇಲೆ ಬೀಳುವ ನೀರು ಎರಡು ಲೀಟರಿಗಿಂತ ಕಡಿಮೆ. ಗುಂಡಿನ ಗಾತ್ರ ಅರ್ಧ ಲೀಟರಿಗಿಂತ ತುಸು ಹೆಚ್ಚು. ಅಷ್ಟೂ ತಿರುಳನ್ನು 314 ಚದರ ಸೆಂ.ಮೀ. ಸಿಪ್ಪೆ ಕಾಯುತ್ತದೆ. ಅದೇ ತಿರುಳನ್ನು 1 ಮಿ.ಮೀ. ದಪ್ಪದ ಎಲೆಗಳಾಗಿ ಹರಡಿದ್ದರೆ, ಎರಡೂ ಬದಿ ಸೇರಿ 10,000 ಚದರ ಸೆಂ.ಮೀ. ದಾಟುತ್ತಿತ್ತು. ಅಷ್ಟಗಲ ಮೈಯಿಂದ ನೀರು ಆರಿಹೋಗಲು ಎಷ್ಟು ಹೊತ್ತು ಬೇಕು! ಹಾಗಾಗಿಯೇ ನೆತ್ತಿಯಲ್ಲಿ ಚಿಗುರುವ ಪುಟಾಣಿ ಎಲೆಗಳು ಬೇಗನೆ ಉದುರಿಬೀಳುತ್ತವೆ. ಆಹಾರ ತಯಾರಿಸುವ ಕೆಲಸ ಹಸಿರು ಮೈಯದು.

ಹತ್ತಿರದಿಂದ ನೋಡಿ. ನೆತ್ತಿಯಿಂದ ಬುಡಕ್ಕೆ ಸಾಮಾನ್ಯವಾಗಿ 8 ಏಣುಗಳು, ಪ್ರತಿ ಏಣಿನುದ್ದಕ್ಕೂ ಸಾಲು ಗುಬುಟುಗಳು, ಮೈತುಂಬ ನಸುಗೆಂಪು ಅಡ್ಡಗೆರೆಗಳು. ಮುಳ್ಳಿಲ್ಲ. ಗೀರಿದರೆ ನಮ್ಮ ಬೇಲಿಯ ಕಳ್ಳಿಯ ಹಾಗೆಯೇ ವಿಷದ ಬಿಳಿ ಹಾಲು. ಎರಡೂ ಒಂದೇ ಕುಲದವು, ಸುಮಾರು 2,000 ಪ್ರಭೇದಗಳ ಕುಲ.

ದೊಡ್ಡದಾದಂತೆ ಬೆಳವಣಿಗೆ ನಿಂತೇಹೋದಂತೆ ಕಾಣುತ್ತದೆ. ನಿಜಕ್ಕೂ ನಿಂತಿರುವುದಿಲ್ಲ. 1 ಸೆಂ.ಮೀ. ಗುಂಡು 2 ಸೆಂ.ಮೀ. ಆಗಲು 4 ಮಿಲಿಲೀಟರಿನಷ್ಟು ತಿರುಳೂ ಬೇಡ, 10 ಸೆಂ.ಮೀ.ನದು 11 ಆಗಲು 173 ಮಿಲಿಲೀಟರ್ ಬೇಕು. ಅದೇ ಒಂದು ಸೆಂಟಿಮೀಟರಿಗೆ 47 ಪಟ್ಟು ದುಡಿಮೆ! ಮುಂದೆ ಗುಂಡು ನಿಧಾನವಾಗಿ ಮೇಲಕ್ಕೆದ್ದು ಮೋಟು ಕಂಬವಾಗುತ್ತದೆ, ಹೆಚ್ಚೆಂದರೆ 20 ಸೆಂ.ಮೀ. ಎತ್ತರ.

ಸಾಮಾನ್ಯವಾಗಿ ಕವಲೊಡೆಯುವುದಿಲ್ಲ, ಬುಡದಲ್ಲಿ ಮರಿ ಹಾಕುವುದಿಲ್ಲ. ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಸಿಡಿದು ಬೀಜ ಚಿಮ್ಮಿಸುವ ಕಾಯಿಯಲ್ಲಿ ಕೋಣೆಗಳು ಮೂರೇ, ಕೋಣೆಗೊಂದೇ ಬೀಜ. ಇಂಥದ್ದನ್ನು, ಭಾರತದ ಸಸ್ಯಗಳನ್ನು ಏಳು ಸಂಪುಟಗಳಲ್ಲಿ ದಾಖಲಿಸಿದ ಜೋಸೆಫ್ ಹೂಕರ್ 1903ರಲ್ಲಿ ಜಗತ್ತಿಗೆ ಪರಿಚಯಿಸಿದ್ದೇ ತಡ, ಸಂಗ್ರಾಹಕರು ಮುಗಿಬಿದ್ದು ಕಿತ್ತರು. ಒಂದು ಹೆಣ್ಣು ಗಿಡ ಹೋದರೆ ಅದರ ಮುಂದಿನ ಅಷ್ಟೂ ವರ್ಷಗಳ ಬೀಜ ಹೋದಂತೆ. ಈಗ ಕಾನೂನಿನ ಕಾವಲಿದೆ, ಗಡಿ ದಾಟಿಸಲು ಸೈಟಿಸ್ ಒಪ್ಪಂದದ ಅಂಕೆಯಿದೆ. ಬೀಜದಿಂದ ಬೆಳೆಸಿದ ಸಸಿಗಳು ಹಲವು ದೇಶಗಳ ನರ್ಸರಿಗಳಲ್ಲಿ ಸುಲಭವಾಗಿ ಸಿಗುತ್ತವೆ. ಕೆಂಡ್ರೂವಿನ ಕಲ್ಲುಗಳ ನಡುವೆ ಮಾತ್ರ ಹುಡುಕಬೇಕು.