ಮಿಂಚುಳ್ಳಿಗೆ ಯಾವ ಕ್ಯಾಮೆರಾ?

ರಂಗನತಿಟ್ಟಿನಲ್ಲಿ ದೋಣಿ ಏರುವವರ ಕೈಗಳನ್ನು ಒಮ್ಮೆ ಗಮನಿಸಿ. ಮೊಬೈಲು ಹಿಡಿದವರೇ ಹೆಚ್ಚು. ಅವರ ಮಾತು ಬೇರೆ. ಉಳಿದವರಲ್ಲಿ ಒಬ್ಬರ ಕೊರಳಿಗೆ ಹದಿನೈದು ವರ್ಷ ಹಳೆಯ ದಪ್ಪನೆಯ ಡಿಎಸ್‌ಎಲ್‌ಆರ್ ಕ್ಯಾಮೆರಾ ಜೋತುಬಿದ್ದಿರುತ್ತದೆ. ಭಾವ ವಿದೇಶದಿಂದ ತಂದು, ನಾಲ್ಕು ದಿನ ಬಳಸಿ, ಬೇಸರವಾಗಿ ದಾಟಿಸಿದ್ದು. ಇನ್ನೊಬ್ಬರ ಕೈಯಲ್ಲಿ ಅದಕ್ಕಿಂತ ಈಚಿನ ಸೂಪರ್‌ಝೂಮ್. ಗುಂಡಿ ತಿರುವಿದರೆ ಸುಯ್ಯೆಂದು ಮೂತಿ ಚಾಚುತ್ತದೆ. ಮೂವತ್ತು ಮೀಟರ್ ದೂರದ ಬಂಡೆಯ ಮೇಲೆ ಕಿರುಮಿಂಚುಳ್ಳಿಯೊಂದು ಬಂದು ಕೂರುತ್ತದೆ. ಇಬ್ಬರೂ ಕ್ಲಿಕ್ಕಿಸುತ್ತಾರೆ. ಮೊದಲನೆಯವರ ಚಿತ್ರದಲ್ಲಿ ಕಾವೇರಿ, ಬಂಡೆ, ಬಿದಿರುಮೆಳೆ ಎಲ್ಲವೂ ಅಚ್ಚುಕಟ್ಟು. ಮಿಂಚುಳ್ಳಿ ಮಾತ್ರ ಒಂದು ನೀಲಿ ಚುಕ್ಕೆ. ಎರಡನೆಯವರ ಪರದೆಯ ತುಂಬ ಹಕ್ಕಿಯೇ ಹಕ್ಕಿ.

ಅದೇ ಇಬ್ಬರು ಅದೇ ಕ್ಯಾಮೆರಾ ಹಿಡಿದು ರಾತ್ರಿ ಯಕ್ಷಗಾನಕ್ಕೆ ಹೋದರೆನ್ನಿ. ಬಣ್ಣದ ವೇಷ ರಂಗಸ್ಥಳಕ್ಕೆ ಬಂದು ಅಬ್ಬರಿಸುತ್ತಿದೆ. ಈಗ ಹಳೆಯ ಕ್ಯಾಮೆರಾದವರ ಚಿತ್ರದಲ್ಲಿ ಮುಖದ ಮೇಲಿನ ಒಂದೊಂದು ಗೆರೆಯೂ ನಿಚ್ಚಳ. ಸೂಪರ್‌ಝೂಮಿನವರ ಚಿತ್ರದಲ್ಲಿ ರವೆ ಚೆಲ್ಲಿದಂತೆ ಕಾಳು ಕಾಳು. ಕೈ ಎತ್ತಿದ್ದು ಹೊಗೆಯಂತೆ ಹರಡಿದೆ. ಯಾವ ಕ್ಯಾಮೆರಾ ಒಳ್ಳೆಯದು ಎಂದು ಕೇಳುವವರಿಗೆ ಅಂಗಡಿಯವನು ಒಂದೇ ಉತ್ತರ ಕೊಡುತ್ತಾನೆ, ಹೊಸದು. ಆದರೆ ಇಲ್ಲಿ ವಯಸ್ಸಿಗಿಂತ ದೊಡ್ಡ ಪಾತ್ರ ಬೇರೊಂದಕ್ಕಿದೆ.

ಗೊಂದಲ ಶುರುವಾಗುವುದು ಪೆಟ್ಟಿಗೆಯ ಮೇಲಿನ ಅಂಕಿಯಿಂದ. 2015ರಲ್ಲಿ ಬಂದ ನಿಕಾನ್ ಕೂಲ್‌ಪಿಕ್ಸ್ ಪಿ900 ಎಂಬ ಸೂಪರ್‌ಝೂಮನ್ನೇ ತೆಗೆದುಕೊಳ್ಳಿ. ಅದರ ಝೂಮ್ 83 ಪಟ್ಟು. ಲೆನ್ಸು 24ರಿಂದ 2000 ಮಿಲಿಮೀಟರ್ ಎಂದು ಪ್ರಚಾರ. ನಿಜವಾಗಿ 2000 ಮಿಲಿಮೀಟರ್ ಸಂಗಮದೂರದ ಲೆನ್ಸು ಮಾಡಿದರೆ ಅದನ್ನು ಕೊರಳಿಗೆ ಹಾಕಿಕೊಳ್ಳುವುದಿರಲಿ, ಹೊರಲು ಆಳು ಬೇಕಾಗುತ್ತದೆ. ಪಿ900ರ ಲೆನ್ಸಿನ ನಿಜವಾದ ಸಂಗಮದೂರ ಹೆಚ್ಚೆಂದರೆ 357 ಮಿ.ಮೀ. ಉಳಿದದ್ದೆಲ್ಲ ಹೋಲಿಕೆಯ ಲೆಕ್ಕ.

ಆ ಹೋಲಿಕೆಗೆ ನೂರು ವರ್ಷದ ಇತಿಹಾಸವಿದೆ. ಜರ್ಮನಿಯ ಲೈಟ್ಸ್ ಕಂಪೆನಿಯ ಆಸ್ಕರ್ ಬಾರ್ನಾಕ್ ಸಿನಿಮಾದ ಫಿಲ್ಮನ್ನು ಅಡ್ಡಲಾಗಿ ಓಡಿಸಿ, 36 ಮಿ.ಮೀ. ಅಗಲ 24 ಮಿ.ಮೀ. ಎತ್ತರದ ಚೌಕಟ್ಟಿನಲ್ಲಿ ಚಿತ್ರ ಹಿಡಿಯುವ ಪುಟ್ಟ ಕ್ಯಾಮೆರಾ ರೂಪಿಸಿದ. ಅದೇ ಲೈಕಾ, 1925ರಲ್ಲಿ ಮಾರಾಟಕ್ಕೆ ಬಂತು. ಸ್ಟುಡಿಯೋದಿಂದ ಮದುವೆ ಮನೆಯವರೆಗೆ ಎಲ್ಲರ ಕೈಗೂ ಮುಂದೆ ಬಂದದ್ದು ಆ ಅಳತೆಯ ರೀಲೇ. ಫಿಲ್ಮ್ ಹೋದರೂ ಅಳತೆ ಹೋಗಲಿಲ್ಲ. ಹಳೆಯ ಚೌಕಟ್ಟಿನಲ್ಲಿ ಎಷ್ಟು ಮಿಲಿಮೀಟರಿನ ಲೆನ್ಸು ಇಷ್ಟೇ ಇಕ್ಕಟ್ಟಾದ ನೋಟ ಕೊಡುತ್ತಿತ್ತೋ ಆ ಅಂಕಿಯನ್ನು ಇಂದಿನ ಕ್ಯಾಮೆರಾಗಳ ಮೇಲೂ ಬರೆಯುತ್ತಾರೆ. ಪಿ900ರಲ್ಲಿ ಫಿಲ್ಮಿನ ಜಾಗದಲ್ಲಿ ಕುಳಿತಿರುವ ಸೆನ್ಸರ್ ಫಲಕ ಸುಮಾರು 6.2 ಮಿ.ಮೀ. ಅಗಲ, 4.6 ಮಿ.ಮೀ. ಎತ್ತರ, ಒಂದು ಕಡಲೆಬೇಳೆಯಷ್ಟು. ಮೂಲೆಯಿಂದ ಮೂಲೆಗೆ ಅಳೆದರೆ ಹಳೆಯ ಫಿಲ್ಮ್ ಚೌಕಟ್ಟು ಇದರ 5.6 ಪಟ್ಟು. 357ನ್ನು 5.6ರಿಂದ ಗುಣಿಸಿ ನೋಡಿ, 2000 ಬಂದೀತು. ಸುಳ್ಳಲ್ಲ; ಆದರೆ ಲೆನ್ಸು ಉದ್ದವಾಗಿ ಬಂದದ್ದಕ್ಕಿಂತ ಫಲಕ ಚಿಕ್ಕದಾಗಿ ಬಂದದ್ದು ಹೆಚ್ಚು.

ಹಳೆಯ ಪಕ್ಷಕ್ಕೆ ಅದೇ ಕಂಪೆನಿಯ ಡಿ90 ನಿಲ್ಲಲಿ. 2008ರಲ್ಲಿ ಬಂದದ್ದು, ಚಲನಚಿತ್ರವನ್ನೂ ಹಿಡಿದ ಮೊದಲ ಡಿಎಸ್‌ಎಲ್‌ಆರ್. ಅದರ ಫಲಕ ಸಣ್ಣ ಅಂಚೆಚೀಟಿಯಷ್ಟು, ವಿಸ್ತೀರ್ಣದಲ್ಲಿ ಪಿ900ರದಕ್ಕಿಂತ ಹದಿಮೂರು ಪಟ್ಟು ದೊಡ್ಡದು. ಆದರೆ ಪಿಕ್ಸೆಲ್ ಎಂಬ ಮನೆಗಳು ಅದರಲ್ಲಿ 1.23 ಕೋಟಿ, ಪಿ900ರಲ್ಲಿ 1.6 ಕೋಟಿ. ಚಿಕ್ಕ ನಿವೇಶನದಲ್ಲೇ ಹೆಚ್ಚು ಮನೆಗಳು. ಹೀಗಾಗಿ ಡಿ90ರ ಒಂದು ಮನೆಯ ಅಗಲ 5.5 ಮೈಕ್ರಾನ್, ಪಿ900ರದು 1.34 ಮಾತ್ರ.

ಈಗ ಮಿಂಚುಳ್ಳಿಯ ಲೆಕ್ಕಕ್ಕೆ ಬರೋಣ. ಹಕ್ಕಿಯ ಉದ್ದ 17 ಸೆಂಟಿಮೀಟರ್, ದೂರ 30 ಮೀಟರ್. ಡಿಎಸ್‌ಎಲ್‌ಆರ್‌ಗಳ ಜೊತೆ ಸಾಮಾನ್ಯವಾಗಿ ಬರುವ ಲೆನ್ಸು 55 ಮಿ.ಮೀ.ವರೆಗಿನದು. ಅದರಿಂದ ಫಲಕದ ಮೇಲೆ ಬೀಳುವ ಹಕ್ಕಿಯ ಬಿಂಬ ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟೂ ಇಲ್ಲ; ಐವತ್ತೇಳು ಮನೆಗಳಲ್ಲಿ ಮುಗಿದುಹೋಗುತ್ತದೆ. ದೋಣಿಯಲ್ಲಿ ನೀಲಿ ಚುಕ್ಕೆಯಾಗಿ ಕಂಡದ್ದು ಇದೇ. 300 ಮಿ.ಮೀ. ಝೂಮ್ ಲೆನ್ಸು ಬೇರೆ ಕೊಂಡು ಹಾಕಿದರೆ 1.7 ಮಿ.ಮೀ. ಬಿಂಬ, ಮುನ್ನೂರ ಹತ್ತರಷ್ಟು ಮನೆಗಳು. ಪಿ900ರಲ್ಲಿ ಬಿಂಬ ಎರಡು ಮಿ.ಮೀ. ಮಾತ್ರ. ಆದರೆ ಮನೆಗಳು ಪುಟ್ಟವಾದ್ದರಿಂದ ಅದೇ ಹಕ್ಕಿ ಸಾವಿರದ ಐನೂರು ಮನೆಗಳ ಮೇಲೆ ಚಾಚಿಕೊಳ್ಳುತ್ತದೆ.

ಹಾಗಾದರೆ ಐದು ಪಟ್ಟು ಹೆಚ್ಚು ವಿವರವೇ? ಇಲ್ಲ. ಇಲ್ಲಿ ಬೆಳಕೇ ಒಂದು ಕರಾರು ಹಾಕುತ್ತದೆ. ಲೆನ್ಸಿನ ದುಂಡು ಕಿಂಡಿಯಲ್ಲಿ ನುಗ್ಗಿ ಬಂದ ಬೆಳಕು ಎಂದೂ ಚೂಪಾದ ಬಿಂದುವಾಗಿ ನಿಲ್ಲುವುದಿಲ್ಲ, ಪುಟ್ಟ ಬಿಲ್ಲೆಯಾಗಿ ಹರಡುತ್ತದೆ. 1835ರಲ್ಲಿ ಇಂಗ್ಲೆಂಡಿನ ಜಾರ್ಜ್ ಏರಿ ಇದರ ಗಣಿತ ಬಿಡಿಸಿಟ್ಟ. ಪಿ900 ಪೂರ್ತಿ ಮೂತಿ ಚಾಚಿದಾಗ ಅದರ ಕಿಂಡಿ ಎಫ್/6.5, ಹಸಿರು ಬೆಳಕಿನ ಬಿಲ್ಲೆಯ ಅಗಲ ಆಗ ಸುಮಾರು 8.7 ಮೈಕ್ರಾನ್. ಅಂದರೆ ಒಂದು ಬಿಲ್ಲೆ ಆರು ಮನೆಗಳಿಗಿಂತ ಹೆಚ್ಚು ಅಗಲಕ್ಕೆ ಮೈಚಾಚಿ ಮಲಗುತ್ತದೆ. ಅಕ್ಕಪಕ್ಕದ ಮನೆಗಳೆಲ್ಲ ಒಂದೇ ಸುದ್ದಿಯನ್ನು ಮತ್ತೆ ಮತ್ತೆ ಹೇಳುತ್ತಿರುತ್ತವೆ. ಸೂಪರ್‌ಝೂಮಿನ ಚಿತ್ರ ಪರದೆಯ ಮೇಲೆ ಸೊಗಸಾಗಿ ಕಂಡು, ಹಿಗ್ಗಿಸಿದಾಗ ಗರಿಗಳು ಬಣ್ಣ ಬಳಿದಂತೆ ಕಾಣುವುದಕ್ಕೆ ಇದೂ ಒಂದು ಕಾರಣ. ಆದರೂ, ಒಳ್ಳೆಯ ಬಿಸಿಲಿನಲ್ಲಿ ಸೂಪರ್‌ಝೂಮೇ ಮುಂದು, ಅನುಮಾನವಿಲ್ಲ. 55 ಮಿ.ಮೀ. ಲೆನ್ಸಿನ ಡಿಎಸ್‌ಎಲ್‌ಆರ್ ಅದರ ಸಮೀಪಕ್ಕೂ ಬರಲಾರದು. 300ರ ಲೆನ್ಸಿದ್ದರೆ ಸ್ಪರ್ಧೆ, ಅಷ್ಟೇ.

ಬಿಸಿಲು ಇಳಿಯಿತೋ, ಆಟ ತಿರುಗುತ್ತದೆ. ಬೆಳಕು ಮಳೆಯ ಹನಿಗಳಂತೆ ಬಿಡಿಬಿಡಿಯಾಗಿ ಬೀಳುವಂಥದ್ದು. ಜೋರು ಮಳೆಯಲ್ಲಿ ಅಂಗಳದಲ್ಲಿ ಹಂಡೆ ಇಟ್ಟರೂ ಲೋಟ ಇಟ್ಟರೂ ತುಂಬುತ್ತದೆ. ತುಂತುರು ಮಳೆಯಲ್ಲಿ ಸಾಲಾಗಿ ಲೋಟಗಳನ್ನಿಟ್ಟರೆ ಒಂದರಲ್ಲಿ ಮೂರು ಹನಿ, ಪಕ್ಕದ್ದರಲ್ಲಿ ಏಳು, ಮತ್ತೊಂದರಲ್ಲಿ ಏನೂ ಇಲ್ಲ. ಆ ಏರುಪೇರೇ ಚಿತ್ರದಲ್ಲಿ ಕಾಳುಕಾಳಾಗಿ ಕಾಣುವುದು. ಈಚಿನ ಸೆನ್ಸರ್‌ಗಳು ತಂತಿಗಳನ್ನು ಬೆನ್ನ ಹಿಂದಕ್ಕೆ ಸರಿಸಿ ಹೆಚ್ಚು ಹನಿ ಹಿಡಿಯುತ್ತವೆ, ನಿಜ. ಆದರೆ ಹದಿಮೂರು ಪಟ್ಟು ವಿಸ್ತೀರ್ಣದ ಅಂತರವನ್ನು ಯಾವ ಜಾಣತನವೂ ಪೂರ್ತಿ ತುಂಬಿಸದು. ಮೇಲಾಗಿ ಡಿಎಸ್‌ಎಲ್‌ಆರಿನ ಮೂತಿ ಕಳಚಿ, 50 ಮಿ.ಮೀ. ಎಫ್/1.8ರ ಸಣ್ಣ ಲೆನ್ಸು ಹಾಕಬಹುದು. ಧೀಂಗಿಣ ಹಾಕುವ ವೇಷವನ್ನು ಫ್ಲ್ಯಾಷ್ ಇಲ್ಲದೆ ನಿಲ್ಲಿಸಿ ಹಿಡಿಯಲು ಇಷ್ಟಾದರೂ ಬೇಕು. ಕಲಾವಿದನ ಕಣ್ಣಿಗೆ ಫ್ಲ್ಯಾಷ್ ಹೊಡೆಯುವವರಿಂದ ಭಾಗವತರೂ ಬೇಸತ್ತಿರುತ್ತಾರೆ.

ಈ ಎರಡು ಬಗೆಯ ಕ್ಯಾಮೆರಾಗಳ ಮೂಲಪುರುಷರು ಹುಟ್ಟಿದ್ದು ಒಂದೇ ವರ್ಷ ಎಂಬುದು ಸ್ವಾರಸ್ಯದ ಸಂಗತಿ. ಕನ್ನಡಿಯ ಮೂಲಕ ಲೆನ್ಸಿನೊಳಗಿನ ನೋಟವನ್ನೇ ಕಣ್ಣಿಗೆ ತೋರಿಸುವ ಎಸ್‌ಎಲ್‌ಆರ್ ವಿಧಾನ 1936ರ ಕಿನೆ ಎಕ್ಸಾಕ್ಟಾದಲ್ಲೇ ಇತ್ತು. ಆದರೆ ಕ್ಲಿಕ್ಕಿಸಿದ ಮೇಲೆ ಕನ್ನಡಿ ತಾನಾಗಿ ಕೆಳಗಿಳಿಯದೆ ಕಣ್ಣೆದುರು ಕತ್ತಲೆ ಕವಿಯುತ್ತಿತ್ತು. ಆ ತೊಂದರೆಯನ್ನು ಜಪಾನಿನ ಅಸಾಹಿ ಕಂಪೆನಿ 1954ರಲ್ಲಿ ನೀಗಿಸಿತು. 1959ರಲ್ಲಿ ನಿಕಾನ್ ಎಫ್ ಬಂತು. ಅದರ ಲೆನ್ಸು ಕೂರುವ ಬಾಯಿಯ ಅಳತೆ ಸಣ್ಣಪುಟ್ಟ ಬದಲಾವಣೆಗಳೊಂದಿಗೆ ಡಿ90ರವರೆಗೂ ನಡೆದು ಬಂತು. ಹಳೆಯ ಡಿಎಸ್‌ಎಲ್‌ಆರ್ ಕೊಂಡವರಿಗೆ ದಶಕಗಳ ಲೆನ್ಸುಗಳ ಸಂತೆಯೇ ತೆರೆದುಕೊಳ್ಳುವುದು ಇದರಿಂದ. ಅದೇ 1959ರಲ್ಲಿ ಫ್ರಾಂಕ್ ಬಾಕ್ ಎಂಬಾತ ವಿನ್ಯಾಸ ಮಾಡಿದ ಝೂಮಾರ್ ಲೆನ್ಸನ್ನು ಫೋಕ್ಟ್‌ಲೆಂಡರ್ ಕಂಪೆನಿ ಮಾರುಕಟ್ಟೆಗೆ ಬಿಟ್ಟಿತು. 35 ಮಿ.ಮೀ. ಸ್ಥಿರಚಿತ್ರ ಕ್ಯಾಮೆರಾಕ್ಕೆ ಬಂದ ಮೊದಲ ಝೂಮ್ ಅದು. 36ರಿಂದ 82 ಮಿ.ಮೀ., ಅಂದರೆ ಎರಡೂಕಾಲು ಪಟ್ಟು. ಅಲ್ಲಿಂದ 83 ಪಟ್ಟಿಗೆ ಬರಲು ಐವತ್ತಾರು ವರ್ಷ ಹಿಡಿಯಿತು. 2018ರ ಪಿ1000 ಅದನ್ನು 125 ಪಟ್ಟಿಗೆ ಏರಿಸಿತು. ಆದರೆ ತೂಕ 1.4 ಕಿಲೋ ದಾಟಿ, ಚಿಕ್ಕ ಕ್ಯಾಮೆರಾ ಎಂಬ ಮಾತಿಗೇ ಅರ್ಥವಿಲ್ಲವಾಯಿತು. (ಪಿ900 ಭೂಮಿ ಚಪ್ಪಟೆ ಎನ್ನುವವರಿಗೂ ಅಚ್ಚುಮೆಚ್ಚು. ದಿಗಂತದಲ್ಲಿ ಮರೆಯಾದ ಹಡಗನ್ನು ಝೂಮ್ ಮಾಡಿ ಮರಳಿ ತಂದೆವೆಂದು ಅವರ ವಾದ. ಬರಿಗಣ್ಣಿಗೆ ಸಣ್ಣದಾಗಿ ಕಾಣದೆ ಹೋದದ್ದನ್ನು ಅದು ತಂದೀತು. ನಿಜಕ್ಕೂ ಬಾಗಿನ ಕೆಳಗೆ ಇಳಿದದ್ದನ್ನು ತರಲಾರದು.)

ಇಷ್ಟು ಗಟ್ಟಿಮುಟ್ಟಾದ ಡಿಎಸ್‌ಎಲ್‌ಆರ್‌ಗಳು ಒಂದು ಕಾಲದ ಬೆಲೆಯ ಸಣ್ಣ ಪಾಲಿಗೆ ಇಂದು ಸಿಗುವುದೇಕೆ? 2010ರಲ್ಲಿ ಜಪಾನಿನ ಕ್ಯಾಮೆರಾ ತಯಾರಕರ ಸಂಘದ ಲೆಕ್ಕದಂತೆ ಹನ್ನೆರಡು ಕೋಟಿ ಡಿಜಿಟಲ್ ಕ್ಯಾಮೆರಾಗಳು ಕಾರ್ಖಾನೆ ಬಿಟ್ಟಿದ್ದವು. 2023ರಲ್ಲಿ 77 ಲಕ್ಷ. ಮೊಬೈಲು ಜನರನ್ನು ಸೆಳೆಯಿತು. ಉಳಿದ ವೃತ್ತಿಪರರು ಕನ್ನಡಿಯೇ ಇಲ್ಲದ ಮಿರರ್‌ಲೆಸ್ ಕ್ಯಾಮೆರಾಗಳತ್ತ ಸರಿದರು. ಅವರು ಬಿಟ್ಟುಕೊಟ್ಟದ್ದು ಬೀರುಗಳಿಂದ ಹೊರಬಂದು ಕೈ ಬದಲಾಗುತ್ತಿದೆ.

ಕೈ ಬದಲಾದ ಮಾಲಿನಲ್ಲಿ ನೋಡಬೇಕಾದದ್ದು ಹೊರಗಿನ ಗೀರುಗಳಲ್ಲ. ಡಿ90ರ ಷಟರನ್ನು ಒಂದು ಲಕ್ಷ ಕ್ಲಿಕ್ಕಿಗೆ ಪರೀಕ್ಷಿಸಿ ಕೊಟ್ಟಿದ್ದರು. ಎಷ್ಟು ಮುಗಿದಿದೆ ಎಂಬುದು ಅದು ತೆಗೆದ ಚಿತ್ರದ ಕಡತದಲ್ಲೇ ನಮೂದಾಗಿರುತ್ತದೆ. ಮದುವೆ ಚಿತ್ರಗಾರರ ಕ್ಯಾಮೆರಾ ನೋಡಲು ಲಕಲಕ ಹೊಳೆದರೂ ಒಳಗೆ ಮುದಿಯಾಗಿರಬಹುದು. ಎರಡನೆಯದು ಬೂಷ್ಟು. ಮಲೆನಾಡು, ಕರಾವಳಿಯಲ್ಲಿ ಒಂದು ಮಳೆಗಾಲ ಚರ್ಮದ ಚೀಲದಲ್ಲೇ ಮಲಗಿದ ಲೆನ್ಸಿನ ಗಾಜಿನ ಮೇಲೆ ಜೇಡರಬಲೆಯಂಥ ಎಳೆಗಳು ಹಬ್ಬಿರುತ್ತವೆ. ಟಾರ್ಚ್ ಹಿಡಿದು ಓರೆಯಾಗಿ ನೋಡಿದರೆ ತಿಳಿಯುತ್ತದೆ. ಡಿಎಸ್‌ಎಲ್‌ಆರಿನಲ್ಲಾದರೆ ಆ ಲೆನ್ಸನ್ನು ಬಿಸಾಕಿ ಬೇರೊಂದು ಹಾಕಬಹುದು. ಸೂಪರ್‌ಝೂಮಿನ ಲೆನ್ಸು ಕಳಚುವಂಥದ್ದಲ್ಲ. ಗಾಜಿಗೆ ಬೂಷ್ಟು ಹಿಡಿದರೆ ಇಡೀ ಕ್ಯಾಮೆರಾಕ್ಕೇ ಹಿಡಿದಂತೆ. ಹಳೆಯದನ್ನು ಅಗ್ಗಕ್ಕೆ ಕೊಂಡವರು ಮರೆಯುವ ಮಾತೂ ಒಂದಿದೆ: ಲೆನ್ಸಿಲ್ಲದ ಡಿಎಸ್‌ಎಲ್‌ಆರ್ ಎತ್ತಿಲ್ಲದ ಗಾಡಿ. ಹಕ್ಕಿಯ ಆಸೆಗೆ 300 ಮಿ.ಮೀ. ಲೆನ್ಸು ಕೊಂಡರೆ ಹಣವಷ್ಟೇ ಅಲ್ಲ, ಹೊರೆಯೂ ಒಂದೂವರೆ ಕಿಲೋ ಮುಟ್ಟುತ್ತದೆ. ಪಿ900 ಎಲ್ಲ ಸೇರಿ 899 ಗ್ರಾಂ.

ಹಾರುವ ಹಕ್ಕಿಯ ವಿಷಯದಲ್ಲಿ ಮಾತ್ರ ಹಳೆಯದರ ಕಡೆಗೇ ತೂಕ. ಡಿಎಸ್‌ಎಲ್‌ಆರಿನ ಕಿಂಡಿಯಲ್ಲಿ ಕಣ್ಣಿಗೆ ಬರುವುದು ಬೆಳಕೇ, ತಡವೆಂಬುದಿಲ್ಲ. ಸೂಪರ್‌ಝೂಮಿನ ಕಿಂಡಿಯೊಳಗಿರುವುದು ಪುಟ್ಟ ಟಿ.ವಿ.; ಕ್ಷಣದ ಒಂದು ಪಾಲು ಹಿಂದೆಯೇ ಇರುತ್ತದೆ. ಅದರ ಮೇಲೆ ಪೂರ್ತಿ ಝೂಮಿನಲ್ಲಿ ನೋಟದ ಅಗಲ ಒಂದು ಡಿಗ್ರಿ, ಎರಡು ಚಂದ್ರರನ್ನು ಪಕ್ಕಪಕ್ಕ ಇಟ್ಟಷ್ಟು. ಬಣ್ಣದ ಕೊಕ್ಕರೆ ರೆಕ್ಕೆ ಬಿಚ್ಚಿ ಹೊರಟರೆ ಅದನ್ನು ಆ ಕಿಂಡಿಯಲ್ಲಿ ಹುಡುಕುವಷ್ಟರಲ್ಲಿ ಅದು ಆಚೆ ದಡ ಸೇರಿರುತ್ತದೆ.

ದೂರದ ಲೆನ್ಸು ಬರಿಯ ಹವ್ಯಾಸದ ಪ್ರಶ್ನೆಯಲ್ಲ. ಕರ್ನಾಟಕದಲ್ಲಿ ವನ್ಯಜೀವಿ ಛಾಯಾಗ್ರಹಣಕ್ಕೆ ದೊಡ್ಡ ಪರಂಪರೆಯಿದೆ. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, 1970ರ ದಶಕದಲ್ಲಿ ರಾಜ್ಯದ ಹಣಕಾಸು ಸಚಿವರಾಗಿದ್ದ ಸಂಡೂರಿನ ಎಂ.ವೈ. ಘೋರ್ಪಡೆ, ಮೂಡಿಗೆರೆಯಲ್ಲಿ ಹಕ್ಕಿಗಳ ಬೆನ್ನುಹತ್ತಿದ ಪೂರ್ಣಚಂದ್ರ ತೇಜಸ್ವಿ ಎಲ್ಲರೂ ಫಿಲ್ಮಿನ ಕಾಲದವರು. ರೀಲಿಗೆ 36 ಚಿತ್ರ, ಫಲಿತಾಂಶ ತಿಳಿಯಲು ದಿನಗಟ್ಟಲೆ ಕಾಯಬೇಕು. ಆಗ ಲೋಕದ ಎಲ್ಲೆಡೆ ಹಕ್ಕಿಯ ಚಿತ್ರವೆಂದರೆ ಬಹುಮಟ್ಟಿಗೆ ಗೂಡಿನ ಚಿತ್ರವೇ. ಲೆನ್ಸು ದೂರ ಮುಟ್ಟದ್ದರಿಂದ ಹಕ್ಕಿ ಖಂಡಿತ ಮರಳಿ ಬರುವ ಜಾಗದ ಬಳಿ ಮರೆ ಕಟ್ಟಿ ಕೂರಬೇಕಿತ್ತು. ಬಲ್ಲವರು ದಿನಗಟ್ಟಲೆ ಸಮಯ ಕೊಟ್ಟು ಹಕ್ಕಿಯನ್ನು ಒಗ್ಗಿಸಿಕೊಳ್ಳುತ್ತಿದ್ದರು. ಅರೆಬರೆ ಬಲ್ಲವರು ಸೊಪ್ಪು ಸವರಿ ಗೂಡನ್ನು ಬಯಲು ಮಾಡುತ್ತಿದ್ದರು. ಮುಂದಿನ ಕೆಲಸವನ್ನು ಕಾಗೆಯೋ ಬಿಸಿಲೋ ಮುಗಿಸುತ್ತಿತ್ತು. ಇಂದು ಹಕ್ಕಿ ವೀಕ್ಷಕರ ಬಳಗಗಳು ಗೂಡಿನ ಚಿತ್ರಗಳನ್ನೇ ಬೇಡವೆನ್ನುತ್ತವೆ. ಮೂವತ್ತು ಮೀಟರ್ ಆಚೆಯಿಂದ, ಹಕ್ಕಿ ತಲೆ ಎತ್ತಿಯೂ ನೋಡದಂತೆ ಚಿತ್ರ ತೆಗೆಯುವ ಸಾಧ್ಯತೆಯನ್ನು ಸಾಮಾನ್ಯ ಸಂಬಳದವರ ಕೈಗೆ ತಂದದ್ದು, ವೃತ್ತಿಪರರು ಆಟಿಕೆಯೆಂದು ಮೂಗು ಮುರಿಯುವ ಸೂಪರ್‌ಝೂಮ್.

ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟಿನಲ್ಲಿ ಕೊಕ್ಕರೆಗಳು ಇಂದಿಗೂ ದೋಣಿಯಿಂದ ಕಾಣುವಷ್ಟು ಹತ್ತಿರದಲ್ಲೇ ಗೂಡು ಕಟ್ಟುತ್ತವೆ. ಇನ್ನೂ ಸ್ವಲ್ಪ ಹತ್ತಿರ ಒಯ್ಯಪ್ಪಾ ಎಂದು ಅಂಬಿಗನನ್ನು ಪೀಡಿಸುವವರು ಎಲ್ಲ ದೋಣಿಯಲ್ಲೂ ಸಿಗುತ್ತಾರೆ. ಅವರ ಕೊರಳಿನತ್ತ ನೋಡಿದರೆ ತೂಗುತ್ತಿರುವುದು ಸಾಮಾನ್ಯವಾಗಿ 55 ಮಿ.ಮೀ. ಲೆನ್ಸು.