ಇಪ್ಪತ್ತು ಮುಖದ ದಾಳಕ್ಕೆ ಎಷ್ಟು ಡಾಲರ್?

ನಿಮ್ಮ ಮಗನೋ ಮಗಳೋ "ನಾನೂ ಡಿ ಅಂಡ್ ಡಿ ಆಡಬೇಕು" ಅಂತ ಹೇಳಿ, ಜೊತೆಗೆ ಕೊಳ್ಳಬೇಕಾದ ಸಾಮಾನಿನ ಪಟ್ಟಿಯನ್ನೂ ಕೊಟ್ಟಿದ್ದಾರಾ? ಕ್ರೆಡಿಟ್ ಕಾರ್ಡ್ ಹೊರಗೆ ತೆಗೆಯುವ ಮೊದಲು ಇದನ್ನು ಓದಿ. ಆ ಪಟ್ಟಿ ಬರೆದವರು ನೀವೇ ಆಗಿದ್ದರೆ ನೀವೂ ಓದಿ.

ಡಿ ಅಂಡ್ ಡಿ ಅಂದರೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್. 1974ರಲ್ಲಿ ಇಲ್ಲೇ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಆಟ. ನಾಲ್ಕೈದು ಜನ ಮೇಜಿನ ಸುತ್ತ ಕೂತು ಒಂದು ಕಥೆ ಕಟ್ಟುತ್ತಾರೆ. ಕಥೆ ನಡೆಸುವವರು ಡಂಜನ್ ಮಾಸ್ಟರ್, ಉಳಿದವರು ಒಂದೊಂದು ಪಾತ್ರ. ನಿಮ್ಮ ಪಾತ್ರ ಕೋಟೆ ಗೋಡೆ ಹತ್ತಬೇಕಾ? ದಾಳ ಹಾಕಿ ನೋಡಿ. ಊರಲ್ಲಿ ಚೌಕಾಬಾರ ಆಡಿದವರಿಗೆ ಕವಡೆ ಉರುಳುವಾಗ ಎಲ್ಲರೂ ಬಗ್ಗಿ ನೋಡುವ ಆ ಕ್ಷಣ ಗೊತ್ತಿರುತ್ತದೆ. ಇಲ್ಲೂ ಅದೇ.

ಈಗ ದುಡ್ಡಿನ ವಿಷಯ. ಮುಖ್ಯ ಪುಸ್ತಕಗಳು ಮೂರು: ಪ್ಲೇಯರ್ಸ್ ಹ್ಯಾಂಡ್‌ಬುಕ್, ಡಂಜನ್ ಮಾಸ್ಟರ್ಸ್ ಗೈಡ್, ಮಾನ್‌ಸ್ಟರ್ ಮ್ಯಾನ್ಯುಯಲ್. 2024ರಲ್ಲಿ ಬರಲು ಶುರುವಾದ ಹೊಸ ಆವೃತ್ತಿಯಲ್ಲಿ ಒಂದೊಂದರ ಬೆಲೆ 49.99 ಡಾಲರ್. ಮೂರೂ ಸೇರಿದರೆ ಸುಮಾರು 150, ತೆರಿಗೆ ಬೇರೆ. (ನಮ್ಮಪ್ಪನ ತಲೆಯಲ್ಲಿ ಇದು ತಕ್ಷಣ ರೂಪಾಯಿ ಆಗುತ್ತದೆ. ಆಮೇಲೆ ಮಾತೇ ಇಲ್ಲ.)

ಆದರೆ ಮೂರೂ ಪುಸ್ತಕ ಎಲ್ಲರಿಗೂ ಬೇಡ. ಕಥೆ ನಡೆಸುವವರಿಗೆ ಅವು ಉಪಯೋಗ, ಆಡುವವರಿಗೆ ಮೊದಲನೆಯದೊಂದೇ ಸಾಕು. ಶುರುವಿನಲ್ಲಿ ಅದೂ ಬೇಡ. 2023ರ ಜನವರಿಯಲ್ಲಿ ಪ್ರಕಾಶಕರೇ ಆಟದ ಮೂಲ ನಿಯಮಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಪಿಡಿಎಫ್ ಉಚಿತ. ಕದ್ದ ಪ್ರತಿಯಲ್ಲ, ಅಮ್ಮಂದಿರು ಹೆದರಬೇಕಾಗಿಲ್ಲ. ಪುಸ್ತಕದಲ್ಲಿರುವ ಎಲ್ಲ ಬಗೆಯ ಪಾತ್ರಗಳೂ ಅದರಲ್ಲಿ ಇಲ್ಲ, ಆದರೆ ತಿಂಗಳುಗಟ್ಟಲೆ ಆಡಲು ಸಾಕು. ಊರಿನ ಲೈಬ್ರರಿಯಲ್ಲೂ ಒಮ್ಮೆ ಕೇಳಿ.

ದಾಳಗಳು ಒಂದು ಸೆಟ್‌ಗೆ ಏಳು. ಸಾದಾ ಪ್ಲಾಸ್ಟಿಕ್ ಸೆಟ್ ಹತ್ತು ಡಾಲರ್ ಒಳಗೇ ಸಿಗುತ್ತದೆ. ಫೋನಿನಲ್ಲಿ ಉರುಳಿಸಿದರೆ ಅದೂ ಉಳಿಯುತ್ತದೆ, ಆದರೆ ನಿಜ ಹೇಳಬೇಕೆಂದರೆ ಕೈಯಲ್ಲಿ ಹಾಕುವ ಮಜಾ ಬೇರೆ. ಪುಟ್ಟ ಬೊಂಬೆಗಳು ಬೇಡವೇ ಬೇಡ. ನಮ್ಮ ಆಟದಲ್ಲಿ ಕೇರಂ ಕಾಯಿಗಳೇ ರಾಕ್ಷಸರು, ರೆಡ್ ಕಾಯಿ ಡ್ರ್ಯಾಗನ್.

ನಾನು ಇದನ್ನು ಬರೆಯಲು ಬೇರೆ ಕಾರಣ ಇದೆ. ನಮ್ಮ ಗುಂಪಿನ ಒಬ್ಬ ಗೆಳೆಯ ಸತತ ಮೂರು ವಾರ "ಹೋಮ್‌ವರ್ಕ್ ಇದೆ" ಅಂತ ಬರಲಿಲ್ಲ. ಉಳಿದವರ ಹತ್ತಿರ ಸ್ವಂತ ಪುಸ್ತಕ, ಬಣ್ಣಬಣ್ಣದ ದಾಳ. ಅವನ ಹತ್ತಿರ ಏನೂ ಇರಲಿಲ್ಲ. ಯಾರೂ ಅವನಿಗೆ ಕೊಂಡುಕೋ ಅಂದಿರಲಿಲ್ಲ, ಆದರೆ ಮೇಜು ನೋಡಿದರೆ ಹಾಗನ್ನಿಸುತ್ತಿತ್ತು. ಮನೆಯಲ್ಲಿ ಐವತ್ತು ಡಾಲರ್ ಕೇಳುವ ಪರಿಸ್ಥಿತಿ ಅವನಿಗಿರಲಿಲ್ಲ. ಗೊತ್ತಾದ ಮೇಲೆ ದಾಳಗಳನ್ನೆಲ್ಲ ಒಂದೇ ಡಬ್ಬಿಗೆ ಹಾಕಿದೆವು, ಪುಸ್ತಕ ಒಂದೇ, ಅದೂ ಮೇಜಿನ ಮಧ್ಯೆ. ಹೊಸದೇನಾದರೂ ಬೇಕಾದರೆ ಎಲ್ಲರೂ ಹಂಚಿಕೊಂಡು ಕೊಳ್ಳುತ್ತೇವೆ, ಇಲ್ಲದಿದ್ದರೆ ಇಲ್ಲ. ಅವನು ಈಗ ನಮ್ಮ ಗುಂಪಿನ ಅತ್ಯಂತ ಜಗಳಗಂಟ ಕುಳ್ಳ ಯೋಧ.

ಅಪ್ಪ ಅಮ್ಮಂದಿರು ಲೆಕ್ಕ ಹಾಕಬೇಕಾದದ್ದು ಸಮಯವನ್ನು. ಒಂದು ಸಲ ಕೂತರೆ ಮೂರು ನಾಲ್ಕು ಗಂಟೆ ಹೋಗುತ್ತದೆ, ಕಥೆ ನಡೆಸುವವರಿಗೆ ತಯಾರಿ ಬೇರೆ. ಕರೆದುಕೊಂಡು ಹೋಗಿ ಬರುವ ಡ್ಯೂಟಿ ನಿಮ್ಮದೇ. ವಾರಕ್ಕೊಮ್ಮೆ ಬೇಡ, ಎರಡು ವಾರಕ್ಕೊಮ್ಮೆ ಅಂತ ಮೊದಲೇ ಮಾತಾಡಿಕೊಳ್ಳಿ. ಮೂರು ತಿಂಗಳಾದರೂ ಉತ್ಸಾಹ ಇಳಿಯದಿದ್ದರೆ ಆಗ ಒಂದು ಹ್ಯಾಂಡ್‌ಬುಕ್ ಕೊಡಿಸಿ.

ಒಂದೇ ಸಂಜೆ ರುಚಿ ನೋಡಬೇಕಾದರೆ ಜಾನ್ ಹಾರ್ಪರ್ ಬರೆದ 'ಲೇಸರ್ಸ್ ಅಂಡ್ ಫೀಲಿಂಗ್ಸ್' ಇದೆ. ನಿಯಮವೆಲ್ಲ ಒಂದೇ ಪುಟ, ಅದೂ ಉಚಿತ. ಕ್ಯಾಪ್ಟನ್‌ಗೆ ಹುಷಾರಿಲ್ಲದ ಆಕಾಶನೌಕೆಯನ್ನು ಉಳಿದವರು ಹೇಗೋ ಸಂಭಾಳಿಸಬೇಕು. ಲೂಡೋ ಡಬ್ಬಿಯ ದಾಳ ಸಾಕು. ಅಪ್ಪ ಅಮ್ಮನನ್ನೂ ಕೂರಿಸಿಕೊಳ್ಳಿ, ನಮ್ಮಮ್ಮ ನೌಕೆಯ ಎಂಜಿನಿಯರ್ ಆಗಿದ್ದರು.