ಅಡಿಗೆಮನೆಯ ಜಮಾಖರ್ಚು

"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಆದರೆ ತಾನು ದಿನಂಪ್ರತಿ ಉಣ್ಣುವುದೇನು, ಎಷ್ಟು ಎಂಬುದನ್ನು ಖಚಿತವಾಗಿ ಹೇಳಬಲ್ಲವರು ವಿರಳ. ಈ ಲೇಖಕನು ವೈದ್ಯನಲ್ಲ, ಆಹಾರತಜ್ಞನೂ ಅಲ್ಲ. ವಾಣಿಜ್ಯಶಾಸ್ತ್ರದಲ್ಲಿ ಪದವಿ ಪಡೆದು, ಇಪ್ಪತ್ತು ವರ್ಷಗಳಿಂದ ಬ್ಯಾಂಕಿನಲ್ಲಿ ಪರರ ಲೆಕ್ಕವನ್ನು ನೋಡುತ್ತ ಬಂದವನು. ಸ್ವಂತ ಮನೆಯ ಲೆಕ್ಕವನ್ನು ತಡವಾಗಿ ತೆರೆದುದರಿಂದ ಕಲಿತ ಪಾಠವನ್ನು ಸಂಘದ ಬಾಂಧವರ ಮುಂದಿಡುವುದಷ್ಟೇ ಇಲ್ಲಿಯ ಉದ್ದೇಶ.

ದಾಸ್ತಾನಿನ ಲೆಕ್ಕ

ಎರಡು ವರ್ಷಗಳ ಹಿಂದೆ ನನಗೆ ರಕ್ತದ ಒತ್ತಡವಿರುವುದು ತಪಾಸಣೆಯಲ್ಲಿ ಗೊತ್ತಾಯಿತು. "ದಿನಕ್ಕೆ ಎಷ್ಟು ಉಪ್ಪು ತಿನ್ನುತ್ತೀರಿ?" ಎಂದು ವೈದ್ಯರು ಕೇಳಿದರು. "ಮಿತವಾಗಿಯೇ" ಎಂದೆ. ಸಾಲಗಾರನೊಬ್ಬನು ನನ್ನ ಮೇಜಿನೆದುರು ಕುಳಿತು ಇಂತಹ ಉತ್ತರ ಕೊಟ್ಟಿದ್ದರೆ ನಾನು ಅವನ ಅರ್ಜಿಯನ್ನು ಹಿಂದಿರುಗಿಸುತ್ತಿದ್ದೆ. ಮನೆಗೆ ಬಂದವನೇ ಅಡಿಗೆಮನೆಯ ಲೆಕ್ಕಕ್ಕೆ ಕುಳಿತೆ.

ಇದರ ಕ್ರಮ ಬಹು ಸುಲಭ. ತಿಂಗಳ ಮೊದಲ ದಿನ ಡಬ್ಬಿಗಳಲ್ಲಿರುವ ಸಾಮಾನನ್ನು ತೂಗಿ ಬರೆದುಕೊಳ್ಳಬೇಕು. ಅದಕ್ಕೆ ತಿಂಗಳ ಖರೀದಿಯನ್ನು ಕೂಡಿಸಿ, ಕೊನೆಯ ದಿನ ಉಳಿದುದನ್ನು ಕಳೆಯಬೇಕು. ಬಂದ ಮೊತ್ತವೇ ಆ ತಿಂಗಳು ನಾವು ತಿಂದದ್ದು. ಅದನ್ನು ಮನೆಯ ಜನರ ಸಂಖ್ಯೆಯಿಂದಲೂ ದಿನಗಳ ಸಂಖ್ಯೆಯಿಂದಲೂ ಭಾಗಿಸಿದರೆ ತಲೆಗೆ ಎಷ್ಟೆಂಬುದು ಹೊರಬೀಳುತ್ತದೆ. ಹಲವು ದಿನ ಅತಿಥಿಗಳಿದ್ದರೆ ಅವರನ್ನೂ ಎಣಿಸತಕ್ಕದ್ದು. ಫೋನಿನ ಮೇಲೆ ಬೆರಳಾಡಿಸಿದರೆ ಹತ್ತು ನಿಮಿಷಗಳಲ್ಲಿ ಸಾಮಾನು ಬಾಗಿಲಿಗೆ ಬರುವ ಈ ದಿನಗಳಲ್ಲಿ ಚೀಟಿಗಳನ್ನು ಕೂಡಿಡುವುದೊಂದೇ ಕಷ್ಟ.

ನಮ್ಮ ಮನೆಯಲ್ಲಿ ನಾನು, ನನ್ನ ಶ್ರೀಮತಿ, ತಾಯಿಯವರು, ಮಗಳು, ಮಗ ಹೀಗೆ ಐವರು. ಐವರಿಗೆ 30 ದಿನವೆಂದರೆ 150 ಭಾಗ. ಉಪ್ಪು ಒಂದೂವರೆ ಕಿಲೋ ಮುಗಿದಿತ್ತು. ಅಂದರೆ ತಲೆಗೆ ದಿನಕ್ಕೆ 10 ಗ್ರಾಂ. ಎಣ್ಣೆ 6 ಲೀಟರ್. ಲೀಟರಿಗೆ ಸುಮಾರು 910 ಗ್ರಾಮಿನಂತೆ ತಲೆಗೆ 36 ಗ್ರಾಂ. ಸಕ್ಕರೆ ಬೆಲ್ಲಗಳೆರಡೂ ಸೇರಿ ಐದೂಕಾಲು ಕಿಲೋ. ತಲೆಗೆ 35 ಗ್ರಾಂ.

ಇದು ಹೆಚ್ಚೋ ಕಡಿಮೆಯೋ ಎಂದು ತಿಳಿಯಲು ನಾವು ಹೈದರಾಬಾದಿನವರು ದೂರ ಹೋಗಬೇಕಾಗಿಲ್ಲ. ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಮಗ್ಗುಲಲ್ಲಿ, ತಾರ್ನಾಕದಲ್ಲಿ ರಾಷ್ಟ್ರೀಯ ಪೋಷಣ ಸಂಸ್ಥೆಯಿದೆ. 1918ರಲ್ಲಿ ಕೂನೂರಿನಲ್ಲಿ ರಾಬರ್ಟ್ ಮ್ಯಾಕ್‌ಕ್ಯಾರಿಸನ್ ಅವರು ಬೆರಿಬೆರಿ ರೋಗದ ವಿಚಾರಣೆಗಾಗಿ ಆರಂಭಿಸಿದ ಸಣ್ಣ ಪ್ರಯೋಗಶಾಲೆಯೇ ಬೆಳೆದು, 1958ರಲ್ಲಿ ನಮ್ಮ ನಗರಕ್ಕೆ ಬಂದು, 1969ರಲ್ಲಿ ಈಗಿನ ಹೆಸರನ್ನು ಪಡೆಯಿತು. ಈ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಆಹಾರ ಸೂಚಿಗಳಂತೆ ಉಪ್ಪು ದಿನಕ್ಕೆ 5 ಗ್ರಾಮನ್ನೂ ಸಕ್ಕರೆ 25 ಗ್ರಾಮನ್ನೂ ಮೀರಬಾರದು. ಎಣ್ಣೆ ಜಿಡ್ಡುಗಳು 2,000 ಕ್ಯಾಲೊರಿಯ ಊಟಕ್ಕೆ ಸುಮಾರು 27 ಗ್ರಾಂ ಸಾಕು. ನಮ್ಮ ಉಪ್ಪು ಇದರ ಇಮ್ಮಡಿಯಾಗಿತ್ತು. ಅಂಗಡಿಯ ಹಪ್ಪಳ, ಉಪ್ಪಿನಕಾಯಿಗಳಲ್ಲಿದ್ದ ಉಪ್ಪು ಲೆಕ್ಕಕ್ಕೇ ಬಂದಿರಲಿಲ್ಲ.

ಆರು ತಿಂಗಳ ಪ್ರಯತ್ನದಿಂದ ಎಣ್ಣೆ ನಾಲ್ಕೂವರೆ ಲೀಟರಿಗೆ ಇಳಿಯಿತು. ತೊಗರಿ, ಹೆಸರು, ಕಡಲೆ, ಅಲಸಂದೆ ಮುಂತಾದ ಬೇಳೆಕಾಳುಗಳು 12 ಕಿಲೋಗೆ ಏರಿದವು. ತಲೆಗೆ 80 ಗ್ರಾಂ, ಅಂದರೆ ಸಂಸ್ಥೆಯು ಹೇಳುವ 85ಕ್ಕೆ ಸಮೀಪ. ಲೆಕ್ಕದ ಪುಸ್ತಕವನ್ನು ನಾನು ಬಂದವರಿಗೆಲ್ಲ ತೋರಿಸುತ್ತಿದ್ದೆ.

ತಾಳೆಯಾದರೂ ತಪ್ಪಾದ ಲೆಕ್ಕ

ಮರುವರ್ಷ ಕುಟುಂಬದವರಿಗೂ ತಪಾಸಣೆ ಮಾಡಿಸಿದಾಗ ನನ್ನ ಶ್ರೀಮತಿಯವರ ಹಿಮೋಗ್ಲೋಬಿನ್ 8.9 ಇತ್ತು. ಗರ್ಭಿಣಿಯಲ್ಲದ ಸ್ತ್ರೀಯರಲ್ಲಿ ಅದು 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ ಎನ್ನುತ್ತಾರೆ. ಮೆಟ್ಟಲು ಹತ್ತುವಾಗ ಏದುಸಿರು, ಸಂಜೆಯ ತಲೆನೋವು ಇವನ್ನೆಲ್ಲ ವಯಸ್ಸಿನ ಸಹಜ ಆಯಾಸವೆಂದು ನಾವಿಬ್ಬರೂ ಭಾವಿಸಿದ್ದೆವು. "ಮನೆಯಲ್ಲಿ ಇಷ್ಟು ಬೇಳೆ, ಇಷ್ಟು ಸೊಪ್ಪು ಖರ್ಚಾಗುತ್ತದಲ್ಲ!" ಎಂದು ನಾನು ಪುಸ್ತಕವನ್ನು ಮುಂದೆ ಹಿಡಿದೆ. ವೈದ್ಯರು ಅದನ್ನು ನೋಡಿ, "ಇವರು ಎಷ್ಟು ಹೊತ್ತಿಗೆ ಊಟ ಮಾಡುತ್ತಾರೆ?" ಎಂದು ಕೇಳಿದರು. ನಾನು ಉತ್ತರಿಸಲಾರದೆ ಶ್ರೀಮತಿಯವರ ಮುಖ ನೋಡಿದೆ.

ತಾಳೆ ಪಟ್ಟಿಯ ಎರಡು ಬದಿಗಳು ಸರಿಹೊಂದಿದ ಮಾತ್ರಕ್ಕೆ ಲೆಕ್ಕ ಶುದ್ಧವೆಂದು ತಿಳಿಯಬಾರದು ಎಂಬುದು ವಾಣಿಜ್ಯದ ವಿದ್ಯಾರ್ಥಿಯು ಮೊದಲು ಕಲಿಯುವ ಪಾಠ. ತಾಳೆ ಪಟ್ಟಿಗೆ ಸಿಕ್ಕದ ತಪ್ಪುಗಳಲ್ಲಿ ಮೂರು ನಮ್ಮ ಅಡಿಗೆಮನೆಯಲ್ಲಿಯೇ ಇದ್ದವು.

ಒಂದನೆಯದು ಸರಿದೂಗಿಸುವ ತಪ್ಪು. ಒಂದು ಕಡೆಯ ಹೆಚ್ಚಳವು ಮತ್ತೊಂದು ಕಡೆಯ ಕೊರತೆಯನ್ನು ಮುಚ್ಚಿಬಿಡುವುದು. ಸಾರಿನ ಗಟ್ಟಿ ಬೇಳೆ ನನ್ನ ಮತ್ತು ಮಗನ ತಟ್ಟೆಗೆ, ತಿಳಿ ಉಳಿದವರಿಗೆ. ಮೂರು ಗಂಟೆಗೆ ನನ್ನ ಶ್ರೀಮತಿಯವರು ಉಣ್ಣುತ್ತಿದ್ದುದು ಉಳಿದ ಅನ್ನ, ಮಜ್ಜಿಗೆ, ಉಪ್ಪಿನಕಾಯಿ. ಸರಾಸರಿ ಮಾತ್ರ 80 ಗ್ರಾಂ! ನಮ್ಮ ತಾಯಿಯವರು ರಾಯಚೂರಿನವರು. "ಮನಿ ಹೆಣ್ಮಗಳು ಕಡೀಕ ಉಣ್ಣೂದು ಮೊದಲಿಂದ ಬಂದ ಪದ್ಧತಿ ಅದನಪಾ" ಎಂದರು. ಅವರೂ ಹಾಗೆಯೇ ಉಂಡವರು. ಹದಿನಾಲ್ಕರ ಮಗಳು ಬಡಿಸಲು ಕಲಿತು, ರಜಾ ದಿನಗಳಲ್ಲಿ ತಾಯಿಯೊಡನೆ ಕೊನೆಗೆ ಕುಳಿತುಕೊಳ್ಳತೊಡಗಿದ್ದಳೆಂಬುದು ಆಗ ನನ್ನ ಗಮನಕ್ಕೆ ಬಂತು.

ಎರಡನೆಯದು ತತ್ವದ ತಪ್ಪು. ಎಲ್ಲರಿಗೂ ಸಮಪಾಲು ಎಂದು ನಾನು ಭಾಗಿಸಿದ್ದೇ ತಪ್ಪಾಗಿತ್ತು. ಪೋಷಣ ಸಂಸ್ಥೆಯ 2020ರ ಪಟ್ಟಿಯಂತೆ ವಯಸ್ಕ ಪುರುಷನಿಗೆ ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣ ಬೇಕಾದರೆ ಸ್ತ್ರೀಗೆ 29 ಬೇಕು. ತಿಂಗಳ ಸ್ರಾವದಲ್ಲಿ ಅವಳು ಕಳೆದುಕೊಳ್ಳುವುದೇ ಕಾರಣ. ಆದರೆ ಅವಳ ಊಟದ ಅಗತ್ಯ ಪುರುಷನದಕ್ಕಿಂತ ಕಡಿಮೆ. ಚಿಕ್ಕ ಊಟದಲ್ಲಿ ಹೆಚ್ಚು ಕಬ್ಬಿಣ ಸಿಗಬೇಕಾದರೆ ಊಟದ ಗುಣವೇ ಬದಲಾಗಬೇಕಲ್ಲವೆ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ಶೇಕಡಾ 57 ಮಂದಿ ರಕ್ತಹೀನರಾಗಿದ್ದರೆಂದಮೇಲೆ ಇದು ನಮ್ಮೊಂದು ಮನೆಯ ಕಥೆಯಲ್ಲ.

1956ರವರೆಗೆ ಹೈದರಾಬಾದ್ ರಾಜ್ಯದಲ್ಲಿಯೇ ಇದ್ದ ಬೀದರ, ಕಲಬುರಗಿ, ರಾಯಚೂರು ಸೀಮೆಗಳ ಊಟವೆಂದರೆ ಜೋಳದ ರೊಟ್ಟಿ, ಪುಂಡಿ ಪಲ್ಲೆ, ಬೇಳೆ. ಇಲ್ಲಿಯ ತೆಲುಗರ ಗೋಂಗೂರವೂ ನಮ್ಮ ಪುಂಡಿಯೂ ಒಂದೇ. ನಗರವಾಸದಲ್ಲಿ ರೊಟ್ಟಿ ಬಡಿಯುವ ಶ್ರಮ ತಪ್ಪಿ, ಎರಡು ಹೊತ್ತೂ ಬಿಳಿ ಅನ್ನವಾಯಿತು. 100 ಗ್ರಾಂ ಜೋಳದಲ್ಲಿ ಸುಮಾರು 4 ಮಿಲಿಗ್ರಾಂ, ರಾಗಿಯಲ್ಲಿ ನಾಲ್ಕೂವರೆ ಮಿಲಿಗ್ರಾಂ ಕಬ್ಬಿಣವಿದ್ದರೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಒಂದು ಮಿಲಿಗ್ರಾಮೂ ಇಲ್ಲ.

ಮೂರನೆಯದು ಕೈಬಿಟ್ಟ ನಮೂದು. ಬೇಕರಿಯ ಖರ್ಚು ಚಿಲ್ಲರೆ ಹಣದಲ್ಲಿ ಹೋಗುತ್ತಿದ್ದುದರಿಂದ ಪುಸ್ತಕಕ್ಕೆ ಬಂದಿರಲಿಲ್ಲ. ಸಿಹಿಯೊಡನೆ ಉಪ್ಪಿನ ಎಳೆಯೂ ಇರುವ ಉಸ್ಮಾನಿಯಾ ಬಿಸ್ಕತ್ತಿಲ್ಲದೆ ಹೈದರಾಬಾದಿನ ಚಹವಿಲ್ಲ. ಅದರಲ್ಲಿರುವುದು ಮೈದಾ, ಸಕ್ಕರೆ, ಜಿಡ್ಡು, ಉಪ್ಪು. ಟ್ರಾನ್ಸ್ ಕೊಬ್ಬು ಜಿಡ್ಡುಗಳಲ್ಲಿ ಶೇಕಡಾ 2ನ್ನು ಮೀರಬಾರದೆಂಬ ಸರಕಾರಿ ನಿಯಮ 2022ರಿಂದ ಜಾರಿಯಲ್ಲಿದೆಯಾದರೂ ಜಿಡ್ಡು ಜಿಡ್ಡೇ. ಚಹವೂ ನಿರಪರಾಧಿಯಲ್ಲ. ಊಟದ ಬೆನ್ನಿಗೇ ಕುಡಿದರೆ ಅದರೊಳಗಿನ ಒಗರು ಪದಾರ್ಥಗಳು ಕಬ್ಬಿಣವನ್ನು ದೇಹಕ್ಕೆ ಸೇರಗೊಡುವುದಿಲ್ಲ. ಮೂರು ಗಂಟೆಯ ಬಡ ಊಟದ ಹಿಂದೆಯೇ ನಮ್ಮವರು ಕುಡಿಯುತ್ತಿದ್ದುದು ಚಹವನ್ನೇ.

ಬೇಕರಿಯ ಖರ್ಚು ಇಳಿಸಲು ಮಗಳು ಮನೆಯಲ್ಲಿಯೇ ಕೇಕು ಬೇಯಿಸಲು ಮುಂದಾದಳು. ಸೀಟಿಯನ್ನೂ ರಬ್ಬರ್ ಉಂಗುರವನ್ನೂ ತೆಗೆದ ಕುಕ್ಕರಿನ ತಳದಲ್ಲಿ ಮರಳು ಹಾಸಿ, ಬರೀ ರಾಗಿಹಿಟ್ಟಿನಿಂದ ಮಾಡಿದ ಮೊದಲ ಕೇಕು ಇಟ್ಟಿಗೆಯಂತಾಯಿತು. ಗೋಧಿಯಲ್ಲಿರುವ ಗ್ಲೂಟನ್ ಎಂಬ ಅಂಟು ರಾಗಿಯಲ್ಲಿಲ್ಲ. ಆದ್ದರಿಂದ ಗಾಳಿ ನಿಲ್ಲದು. ಎರಡನೆಯ ಸಲ ಸೋಡಾ ಇಮ್ಮಡಿ ಹಾಕಿದಳು. ಕೇಕು ಉಬ್ಬಿ ಕುಸಿಯಿತು, ಸಾಬೂನಿನ ರುಚಿ ಬೇರೆ. ಸೋಡಾಕ್ಕೆ ತಕ್ಕ ಹುಳಿಯಿಲ್ಲದಿದ್ದರೆ ಅದು ಹಾಗೆಯೇ ಉಳಿಯುತ್ತದೆ. ಉಪ್ಪಿನಲ್ಲಿರುವ ಸೋಡಿಯಂ ಅದರಲ್ಲಿಯೂ ಇದೆ. ಮೂರನೆಯ ಸಲ ಅರ್ಧ ಗೋಧಿ, ಅರ್ಧ ರಾಗಿ, ಮೊಸರು, ಅಳತೆಯ ಸೋಡಾ ಹಾಕಿದಾಗ ತಾಯಿಯವರೂ ಎರಡನೆಯ ತುಂಡು ಕೇಳಿದರು.

ಲೆಕ್ಕ ತಿದ್ದಿದ ಬಗೆ

ವೈದ್ಯರು ಬೇರೆ ಕಾರಣಗಳನ್ನು ಪರೀಕ್ಷಿಸಿ ಕಬ್ಬಿಣದ ಮಾತ್ರೆಗಳನ್ನು ಕೊಟ್ಟರು. ಇಷ್ಟು ಇಳಿದ ರಕ್ತವನ್ನು ಊಟವೊಂದರಿಂದಲೇ ಏರಿಸಲಾಗದೆಂಬುದನ್ನು ವಾಚಕರು ಮರೆಯಬಾರದು. ಅದರ ಜೊತೆಗೆ ನಾವು ಅನುಸರಿಸಿದ ಕ್ರಮಗಳು ಇವು:

1. ರಾತ್ರಿಯ ಊಟ ಐವರಿಗೂ ಒಟ್ಟಿಗೆ. ಪಾತ್ರೆಗಳು ನಡುವೆ, ಬಡಿಸಿಕೊಳ್ಳುವುದು ಅವರವರೇ.

2. ಬೆಳಿಗ್ಗೆಯ ಅಡಿಗೆ ಮುಗಿದೊಡನೆ ಮಧ್ಯಾಹ್ನ ಉಣ್ಣುವವರ ಬೇಳೆ ಪಲ್ಯಗಳನ್ನು ಮೊದಲೇ ತೆಗೆದಿಡುವುದು. ಆ ಊಟ ಒಂದು ಗಂಟೆಗೆ ಮೀರದಿರುವುದು.

3. ಒಂದು ಹೊತ್ತು ಜೋಳ ಅಥವಾ ರಾಗಿ. ವಾರಕ್ಕೆ ಮೂರು ದಿನ ರೊಟ್ಟಿ ಬೇಯಿಸುವ ಕೆಲಸ ನನ್ನದು. ನಕ್ಷೆ ಇನ್ನೂ ದುಂಡಗಾಗಿಲ್ಲ.

4. ಸೊಪ್ಪು ಬೇಳೆಗಳ ಜೊತೆ ನಿಂಬೆರಸ, ಇಲ್ಲವೆ ಸೀಬೆ, ನೆಲ್ಲಿಕಾಯಿ. ಇವುಗಳ ಸಿ ಜೀವಸತ್ವವು ಕಬ್ಬಿಣವನ್ನು ಹೀರಿಕೊಳ್ಳಲು ನೆರವಾಗುತ್ತದೆ.

5. ಊಟಕ್ಕೂ ಚಹಕ್ಕೂ ಕನಿಷ್ಠ ಒಂದು ಗಂಟೆಯ ಅಂತರ.

ನಾಲ್ಕು ತಿಂಗಳ ನಂತರ ಹಿಮೋಗ್ಲೋಬಿನ್ 11.4 ಆಯಿತು. ಇನ್ನೂ ಗುರಿ ಮುಟ್ಟಿಲ್ಲ, ಮಾತ್ರೆಗಳು ಮುಂದುವರಿದಿವೆ. ಉಪ್ಪು ತಲೆಗೆ ಏಳು ಗ್ರಾಮಿಗೆ ಬಂದು ನಿಂತಿದೆ. ಅದಕ್ಕೆ ನನ್ನ ಉಪ್ಪಿನಕಾಯಿಯ ಆಸೆಯೇ ಹೊಣೆ.

ಮಾನ್ಯ ವಾಚಕರು ಮುಂದಿನ ತಿಂಗಳ ಮೊದಲ ದಿನ ತಮ್ಮ ಮನೆಯ ಡಬ್ಬಿಗಳನ್ನು ಒಮ್ಮೆ ತೂಗಿ ನೋಡಲೆಂದು ಪ್ರಾರ್ಥನೆ. ಆದರೆ ಭಾಗಾಕಾರ ಮಾಡಿ ಪುಸ್ತಕ ಮುಚ್ಚುವ ಮೊದಲು, ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು, ಅವರ ತಟ್ಟೆಯಲ್ಲಿ ಏನಿದೆ ಎಂಬುದನ್ನೂ ನೋಡಿರಿ. ನಮ್ಮ ಸಂಘದ ಕುಟುಂಬಗಳೆಲ್ಲ ಆರೋಗ್ಯದಿಂದ ಬಾಳಲೆಂದು ಹಾರೈಸುತ್ತೇನೆ.